ಸೈಕಲ್ ಹೊತ್ತ ಕ್ಯಾಂಟರ್

ಕಲ್ಹಟ್ಟಿ ಘಾಟಿಯಲ್ಲಿ ನಾವು ಎಣಿಸಿಕೊಂಡು ಬಂದ ಲೆಕ್ಕದಲ್ಲಿ ಅದು 17ನೇ ತಿರುವು. ಇನ್ನೂ 19 ಬಾಕಿ ಇದ್ದವು. ಬ್ಯಾಂಕಿನಿಂದ ನಿವೃತ್ತರಾಗಿದ್ದ ನಮ್ಮ ತಂಡದ ಹಿರಿಯರು ರಸ್ತೆಯಂಚಿನ ಕಟ್ಟೆಗೆ ಸೈಕಲ್ ಒರಗಿಸಿ ನಿಂತಿದ್ದರು. ಹಿಂದಿನ ಗೇರಿನ ತೋಳು ಚಕ್ರದ ಕಡ್ಡಿಗಳೊಳಗೆ ಹೊಕ್ಕು, ಒಂದು ಕಡ್ಡಿಯನ್ನು ಮುರಿದು, ಚೈನಿನ ಸಮೇತ ಗಂಟಾಗಿತ್ತು. “ಎಲ್ಲೂ ಬೀಳಲಿಲ್ಲಮ್ಮ, ಯಾವುದಕ್ಕೂ ತಾಗಿಸಲಿಲ್ಲ” ಎಂದು ಎರಡೆರಡು ಸಲ ಹೇಳಿದರು, ತಪ್ಪು ತಮ್ಮದೇ ಇರಬೇಕು ಎಂಬಂತೆ.

ಅವರು ಬಿದ್ದಿರಲಿಲ್ಲ. ಬಗ್ಗಿದ್ದು ಹ್ಯಾಂಗರ್. ಗೇರನ್ನು ಫ್ರೇಮಿಗೆ ಕೂರಿಸುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಗ್ಗಲಿ ಎಂದು ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಕೆಲವೇ ಮಿಲಿಮೀಟರ್ ಒಳಕ್ಕೆ ಬಗ್ಗಿದ್ದರೆ ಸಪಾಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಏರು ಕಡಿದಾಗಿ, ಸವಾರ ಕಟ್ಟಕಡೆಯ ಹಗುರ ಗೇರಿಗೆ ಹೊರಳಿಸಿದಾಗ ಆ ತೋಳು ಚಕ್ರದ ತೀರಾ ಹತ್ತಿರಕ್ಕೆ ಸರಿಯುತ್ತದೆ. ಬಗ್ಗಿದ್ದರೆ ಕಡ್ಡಿಗಳಿಗೆ ಸಿಕ್ಕಿಬೀಳುತ್ತದೆ. ಆರು ತಿಂಗಳು ನಂದಿಬೆಟ್ಟ ಹತ್ತಿ ಇಳಿದು ತಯಾರಾಗಿದ್ದವರ ಸೈಕಲ್ ಅವತ್ತು ಬೆಳಿಗ್ಗೆ ಹಾಳಾಗಿತ್ತು, ಅದೂ ಅವರು ಪೆಡಲ್ ತುಳಿಯದೇ ಇದ್ದ ಹೊತ್ತಿನಲ್ಲಿ. ಅದನ್ನು ಲಾರಿಗೆ ಏರಿಸಿದವಳು ನಾನು.

ಸೈಕಲ್ ಯಾತ್ರೆಗಳ ಬಗ್ಗೆ ಬರೆಯುವವರು ಏರಿನ ಬಗ್ಗೆ, ಬೆವರಿನ ಬಗ್ಗೆ, ಘಾಟಿಯ ತುದಿಯಿಂದ ಕಾಣುವ ಬಯಲಿನ ಬಗ್ಗೆ ಬರೆಯುತ್ತಾರೆ. ಲಾರಿಯ ಬಗ್ಗೆ ಯಾರೂ ಬರೆಯುವುದಿಲ್ಲ. ನಾಲ್ಕು ವರ್ಷದಿಂದ ನಮ್ಮ ಪುಟ್ಟ ಗುಂಪಿನ ಸಾಮಾನು ಸರಂಜಾಮಿನ ಹೊಣೆ ನನ್ನದಾಗಿರುವುದರಿಂದ ಆ ಬಗ್ಗೆ ಬರೆಯಲೇಬೇಕು ಎನಿಸಿದೆ.

ನಮ್ಮದು ಮೂರು ದಿನದ ಸವಾರಿ, 26 ಜನ, ಮೈಸೂರಿನಿಂದ ಊಟಿಗೆ. 2008ರಲ್ಲಿ ಬೆಂಗಳೂರಿನವರು ಶುರುಮಾಡಿದ ಟೂರ್ ಆಫ್ ನೀಲ್‌ಗಿರೀಸ್‌ನಿಂದಾಗಿ ಕಲ್ಹಟ್ಟಿ ದಕ್ಷಿಣದ ಸೈಕಲ್ ಸವಾರರಿಗೆಲ್ಲ ಪರೀಕ್ಷೆಯ ದಾರಿಯಾಗಿದೆ. ಬೆಂಗಳೂರಿನಿಂದಲೇ ತುಳಿದುಕೊಂಡು ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಅದಕ್ಕೆ ಇನ್ನೊಂದು ದಿನದ ರಜೆ ಬೇಕು. ಹಾಗಾಗಿ ಜನ ರೈಲಿನಲ್ಲಿ, ಸೈಕಲ್‌ಗಳು ಕ್ಯಾಂಟರ್‌ನಲ್ಲಿ.

ಹದಿನಾಲ್ಕು ಅಡಿಯ ಕ್ಯಾಂಟರ್‌ನ ಒಳ ಅಗಲ ಹೆಚ್ಚುಕಡಿಮೆ ಆರಡಿ. ದೊಡ್ಡವರ ಸೈಕಲ್ಲಿನ ಉದ್ದ ಐದೂವರೆ ಅಡಿಯ ಆಸುಪಾಸು. ಅಂದರೆ ಅಡ್ಡಡ್ಡ ನಿಲ್ಲಿಸಿದರೆ ಸರಿಯಾಗಿ ಕೂರುತ್ತದೆ. ಒಂದರ ಮುಖ ಎಡಕ್ಕೆ, ಪಕ್ಕದ್ದರ ಮುಖ ಬಲಕ್ಕೆ ಮಾಡಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ಬಡಿಯದೆ ಸೈಕಲ್ಲಿಗೆ ಒಂದಡಿ ಜಾಗ ಸಾಕು. ಕೆಳಗೆ ಹದಿನಾಲ್ಕು, ಹಲಗೆ ಹಾಸಿ ಅಟ್ಟ ಮಾಡಿದರೆ ಮೇಲೆ ಹನ್ನೆರಡು. ಕಾಗದದ ಮೇಲೆ ಲೆಕ್ಕ ಸಲೀಸು. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕುಗಳ ನಡುವೆ ಎರಡೂಕಾಲು ಅಡಿ ಅಗಲದ ಹ್ಯಾಂಡಲ್ಲಿನ ಮೌಂಟನ್ ಬೈಕು ಒಂದು ಬಂದರೂ ಸಾಲೆಲ್ಲ ಕೆಡುತ್ತದೆ. ಅಂಥವುಗಳ ಹ್ಯಾಂಡಲ್ ಸಡಿಲಿಸಿ ಫ್ರೇಮಿನ ನೇರಕ್ಕೆ ತಿರುಗಿಸಿಟ್ಟು, ಇಳಿಸಿದ ಮೇಲೆ ಮತ್ತೆ ಬಿಗಿಯಬೇಕು. ಯಾವುದನ್ನು ಸಡಿಲಿಸಿದ್ದೇವೆ ಎಂಬುದನ್ನು ಅದೇ ಸೈಕಲ್ಲಿನ ಸೀಟಿಗೆ ಕೆಂಪು ಟೇಪು ಸುತ್ತಿ ಗುರುತು ಮಾಡಿಕೊಳ್ಳುತ್ತೇವೆ. ಮರೆತು ಹಾಗೇ ಇಳಿಜಾರಿಗೆ ಬಿಟ್ಟರೆ ಏನಾದೀತೆಂದು ನೆನೆಸಿಕೊಳ್ಳಲೂ ನನಗೆ ಭಯ.

ಕ್ಯಾಂಟರ್ ಓಡಿಸುವವನು ಮಂಡ್ಯದ ಕಡೆಯವನು. ವರ್ಷದ ಹೆಚ್ಚಿನ ದಿನ ಅವನದು ಟೊಮೆಟೊ ಲೋಡು. ಭಾದ್ರಪದ ಬಂತೆಂದರೆ ಗಣಪತಿ ಮೂರ್ತಿಗಳು. ಮೊದಲ ವರ್ಷ ನಾನು ನೈಲಾನ್ ಹಗ್ಗದಿಂದ ಸೈಕಲ್ಲುಗಳನ್ನು ಬಿಗಿಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, “ಅಕ್ಕಾ, ಹಿಂಗೆ ಬಿಗುದ್ರೆ ಗುಂಡಿ ಬಂದಾಗ ಹಗ್ಗ ಕುಯ್ತದೆ. ಗಣಪತಿ ಸೊಂಡ್ಲು ಮುರೀದಂಗೆ ತಂದೋನು ನಾನು, ಬುಡಿ ಇಲ್ಲಿ” ಅಂದ. ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬುಗಳನ್ನು ತಂದು ಉದ್ದುದ್ದ ಪಟ್ಟಿ ಕತ್ತರಿಸಿದ. ರಬ್ಬರು ಹಿಗ್ಗಿ ಕುಗ್ಗುತ್ತದೆ, ಬಣ್ಣ ಕೆರೆಯುವುದಿಲ್ಲ, ಗಂಟು ಜಾರುವುದಿಲ್ಲ. ಸೈಕಲ್ಲನ್ನು ಫ್ರೇಮಿನಲ್ಲಿ ಹಿಡಿದು ಕಟ್ಟಬಾರದು, ಚಕ್ರ ಮತ್ತು ಸೀಟಿನ ಕಂಬದಲ್ಲಿ ಕಟ್ಟಬೇಕು ಎಂಬುದನ್ನು ಅವನೇ ಕಂಡುಕೊಂಡ. ಕಾರ್ಬನ್ ಫ್ರೇಮಿನ ಕೊಳವೆ ಸವಾರನ ಭಾರ ಹೊರುವಂತೆ ಮಾಡಿದ್ದು. ಅಡ್ಡದಿಂದ ಹಿಸುಕಿದರೆ ಒಳಗೊಳಗೇ ಬಿರುಕು ಬಿಡಬಹುದು. ಅವನಿಗೆ ಕಾರ್ಬನ್ ವಿಚಾರ ಗೊತ್ತಿರಲಿಲ್ಲ, ತೆಳು ವಸ್ತುವನ್ನು ಹೇಗೆ ಹಿಡಿಯಬೇಕೆಂದು ಕೈಗೆ ಗೊತ್ತಿತ್ತು.

ಹಳೇ ಕೌದಿ, ಗೋಣಿಚೀಲ, ಫ್ರಿಜ್ಜಿನ ಡಬ್ಬಿಯ ರಟ್ಟು ನಮ್ಮ ಉಳಿದ ಸಾಧನಗಳು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ. ಸೈಕಲ್ಲಿಗೆ ಬಲಗಡೆ ಗೇರು. ಆ ಬಲಮಗ್ಗುಲಿಗೆ ಇನ್ನೊಂದು ಸೈಕಲ್ಲಿನ ಪೆಡಲ್ ತಾಗಬಾರದು. ಪ್ರತಿ ಎರಡರ ನಡುವೆ ಒಂದು ರಟ್ಟು ಇಳಿಬಿಡಬೇಕು. ಹೀಗೆ ಮಾಡಿಕೊಂಡು 26 ಸೈಕಲ್ ಏರಿಸಲು ಬೆಂಗಳೂರಿನಲ್ಲಿ ನಮಗೆ ಮೂರು ಗಂಟೆ ಹಿಡಿಯಿತು.

ರೈಲಿನಲ್ಲೇ ಸೈಕಲ್ ಸಾಗಿಸುವುದು ನಮ್ಮಲ್ಲಿ ಹಳೆಯ ರೂಢಿ. ವರ್ಗವಾದ ಮೇಷ್ಟರು, ಕಾಲೇಜಿಗೆ ಸೇರಿದ ಹುಡುಗರು ಸೈಕಲ್ಲಿಗೆ ಹುಲ್ಲು, ಗೋಣಿ ಸುತ್ತಿ ಗಾರ್ಡ್ ಡಬ್ಬಿಗೆ ಹಾಕಿಸುತ್ತಿದ್ದರು. ನಮ್ಮಪ್ಪನ ಸೈಕಲ್ಲಿನ ಸರಳಿನ ಮೇಲೆ ಹುಬ್ಬಳ್ಳಿಯಿಂದ ಬರುವಾಗ ಬರೆಸಿದ ಬಿಳಿ ಬಣ್ಣದ ಹೆಸರು ಬಹಳ ವರ್ಷ ಉಳಿದಿತ್ತು. ರಾಷ್ಟ್ರಮಟ್ಟದ ಎಷ್ಟೋ ಸೈಕ್ಲಿಸ್ಟ್‌ಗಳನ್ನು ಕೊಟ್ಟ ವಿಜಯಪುರ, ಬಾಗಲಕೋಟೆ ಸೀಮೆಯ ಮಕ್ಕಳಿಗೆ ದೂರದೂರದ ಸ್ಪರ್ಧೆಗೆ ಸೈಕಲ್ ಸಮೇತ ತಲುಪುವುದೇ ಮೊದಲ ಸ್ಪರ್ಧೆ. ಇವತ್ತೂ ಪಾರ್ಸೆಲ್ ಆಫೀಸಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಹೆಸರು ಮತ್ತು ತಲುಪುವ ನಿಲ್ದಾಣವನ್ನು ಎರಡು ಕಡೆ ಬರೆದು ಬುಕ್ ಮಾಡಿಸಬಹುದು. ಪ್ರಯಾಣಿಕರ ಲಗೇಜ್ ಎಂದು ಮಾಡಿಸುವುದು ಬೇರೆ, ಬರೀ ಪಾರ್ಸೆಲ್ ಎಂದು ಕಳಿಸುವುದು ಬೇರೆ. ಪಾರ್ಸೆಲ್ ಆದರೆ ಜಾಗ ಇದ್ದ ರೈಲಿಗೆ ಏರುತ್ತದೆ, ಆದ್ದರಿಂದ ಎರಡು ದಿನ ಮೊದಲೇ ಕಳಿಸಬೇಕು. ತಲುಪಿದ ಮೇಲೆ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಅದಕ್ಕೂ ಶುಲ್ಕ ಬೀಳುತ್ತದೆ. ಎರಡೇ ನಿಮಿಷ ರೈಲು ನಿಲ್ಲುವ ಊರಿಗೆ ಕಳಿಸುವ ಯೋಚನೆ ಬೇಡ; ಇಳಿಸಲು ವೇಳೆಯೇ ಸಿಗದು.

ವಿಮಾನದ ದಾರಿ ಇನ್ನೊಂದು ಬಗೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಾರೆ. 1,200 ಕಿಲೋಮೀಟರ್, ಹೆಚ್ಚೆಂದರೆ 90 ಗಂಟೆ. ಅಷ್ಟು ದೂರ ತುಳಿಯಬಲ್ಲವರೂ ಪೆಟ್ಟಿಗೆ ಕಟ್ಟುವ ದಿನ ಬೆವರುತ್ತಾರೆ. 2023ರ ಆಗಸ್ಟ್‌ನಲ್ಲಿ ಹೊರಟ ಗೆಳತಿಯೊಬ್ಬಳ ಸೈಕಲ್ ಬಿಚ್ಚಲು ನಾನೂ ಕೂತಿದ್ದೆ. ಹೊಸ ಸೈಕಲ್ ಬರುವ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯವರೇ ಕೊಟ್ಟಿದ್ದರು. ಎಡ ಪೆಡಲಿನ ಮರೆ ಉಲ್ಟಾ ಎಂಬುದು ತಿಳಿಯದೆ ಬಿಚ್ಚುತ್ತೇನೆಂದುಕೊಂಡು ಇನ್ನಷ್ಟು ಬಿಗಿ ಮಾಡುವವರು ಎಷ್ಟೋ ಮಂದಿ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಎರಡು ತುದಿಗಳ ನಡುವೆ ಪ್ಲಾಸ್ಟಿಕ್ ಅಥವಾ ಮರದ ತುಂಡು ಸಿಗಿಸಬೇಕು, ಇಲ್ಲದಿದ್ದರೆ ಮೇಲೆ ಬಿದ್ದ ಭಾರಕ್ಕೆ ಅವು ಒಳಕ್ಕೆ ಬಾಗುತ್ತವೆ. ಡಿಸ್ಕ್ ಬ್ರೇಕಾದರೆ ಅದರ ಬಾಯಿಗೂ ಒಂದು ಚೂರು ಸಿಗಿಸಬೇಕು; ಚಕ್ರ ಇಲ್ಲದಾಗ ಯಾರಾದರೂ ಬ್ರೇಕ್ ಹಿಡಿದರೆ ಪ್ಯಾಡುಗಳು ಅಂಟಿಕೊಂಡು ಕೂರುತ್ತವೆ. ಪವರ್ ಬ್ಯಾಂಕು ಕೈಚೀಲಕ್ಕೆ. ಟೈರಿನ ಗಾಳಿ ಇಳಿಸಿ ಎಂದು ಹಲವು ವಿಮಾನ ಕಂಪನಿಗಳು ಕೇಳುತ್ತವೆ. ಸಾಮಾನಿನ ಕೋಣೆಯಲ್ಲೂ ಗಾಳಿಯ ಒತ್ತಡ ಕಾಯ್ದಿಟ್ಟಿರುವುದರಿಂದ ಟೈರು ಸಿಡಿಯುವ ಭಯಕ್ಕೆ ಆಧಾರವಿಲ್ಲ. ಆದರೆ ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಗಾಳಿ ಇಳಿಸಿ ಹೋಗುವುದು ಲೇಸು. ಗೇರನ್ನು ಹ್ಯಾಂಗರಿನಿಂದಲೇ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಗಡೆಗೆ ಕಟ್ಟಿದೆವು. ಅದನ್ನು ಮಾಡುವಾಗ ನನ್ನ ಕೈ ನಿಧಾನವಾಗಿತ್ತು. ಗುಂಪಿನ ಸವಾರಿಯಲ್ಲಿ ಆ ನಿಧಾನವನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಹುಲಿಗಳ ಕಾಡಿನಲ್ಲಿ 26 ಸೈಕಲ್ಲುಗಳನ್ನು ಚದುರಿಸಿ ಬಿಡುವುದು ಬೇಡವೆಂದು ನಾವೇ ನಿರ್ಧರಿಸಿದ್ದೆವು: ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿಗೆ ಮೊದಲೇ ಸೈಕಲ್ ಲಾರಿಗೆ, ಜನ ಮಿನಿ ಬಸ್ಸಿಗೆ, ತೆಪ್ಪಕಾಡಿನ ಮೇಲಿಂದ ಮಸಿನಗುಡಿ ತಲುಪಿ ಇಳಿಸಿಕೊಳ್ಳುವುದು. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ಮೂರು ವಾಹನಗಳಿಗೂ ಮಾಡಿಸಿಟ್ಟಿದ್ದೆ. ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿ ಅಲ್ಲಿ ನಿಷಿದ್ಧ. ತಲೆಗೆ ಗಂಟೆಗೆ ಮುಕ್ಕಾಲು ಲೀಟರಿನಂತೆ ಆರು ಗಂಟೆಗೆ ಲೆಕ್ಕ ಹಾಕಿ 20 ಲೀಟರಿನ ಆರು ಕ್ಯಾನು ಇಟ್ಟಿದ್ದೆ. ಕ್ಯಾಂಟರನ್ನು ಕಲ್ಹಟ್ಟಿಗೆ ಹತ್ತಿಸದೆ ಗೂಡಲೂರು ದಾರಿಯಲ್ಲಿ ಊಟಿಗೆ ಕಳಿಸಿ, ಸವಾರರ ಹಿಂದೆ ಮೆಕ್ಯಾನಿಕ್ ಇರುವ ಜೀಪು ಬರುವಂತೆ ಏರ್ಪಾಡು. ಎಲ್ಲವೂ ನೋಟ್‌ಬುಕ್ಕಿನಲ್ಲಿ ಸಾಲಾಗಿತ್ತು. ರಟ್ಟು ಮಾತ್ರ ನೆನಪಾಗಲಿಲ್ಲ.

ಚೆಕ್‌ಪೋಸ್ಟಿಗೆ ಮುಂಚಿನ ಹೋಟೆಲಿನ ಅಂಗಳದಲ್ಲಿ ಲೋಡು ಮಾಡಲು ನಾನು ಇಟ್ಟುಕೊಂಡಿದ್ದುದು ಒಂದು ಗಂಟೆ. ಇಡ್ಲಿ ಬರುವುದು ತಡವಾಯಿತು, ಒಬ್ಬರ ಟೈರು ಪಂಕ್ಚರ್ ಆಗಿತ್ತು. ಬಿಸಿಲು ಏರುವುದರೊಳಗೆ ಎಲ್ಲರೂ ಘಾಟಿಯ ಬುಡದಲ್ಲಿರಬೇಕೆಂಬ ಆತುರ ನನಗೆ. ರಟ್ಟುಗಳೆಲ್ಲ ಲಗೇಜಿನ ಅಡಿಗೆ ಸಿಕ್ಕಿಕೊಂಡಿದ್ದವು. “ಮೂವತ್ತು ಚಿಲ್ಲರೆ ಕಿಲೋಮೀಟರ್ ತಾನೇ, ಹಾಗೇ ಹಾಕಿ” ಎಂದೆ. ಚಾಲಕ ನನ್ನ ಮುಖ ನೋಡಿದ. “ದೂರ ಅಲ್ಲಕ್ಕಾ, ಹಂಪ್ ಲೆಕ್ಕ ಹಾಕಿ” ಅಂದ. ಕಾಡುಪ್ರಾಣಿಗಳಿಗಾಗಿ ಆ ರಸ್ತೆಯ ಉದ್ದಕ್ಕೂ ವೇಗತಡೆಗಳಿವೆ. ಇಪ್ಪತ್ತೈದು ನಿಮಿಷದಲ್ಲಿ ಅಷ್ಟೂ ಸೈಕಲ್ ಏರಿದ್ದವು. ಅಷ್ಟು ಹಂಪುಗಳ ಮೇಲೆ ಯಾರದೋ ಪೆಡಲ್ ಆ ಹಿರಿಯರ ಗೇರನ್ನು ಒಂದೇ ಸಮನೆ ಒಳಕ್ಕೆ ಒತ್ತಿದೆ.

1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ಟೋಫ್ ಟೂರ್‌ಮಾಲೆ ಬೆಟ್ಟ ಇಳಿಯುವಾಗ ಅವರ ಸೈಕಲ್ಲಿನ ಫೋರ್ಕ್ ಮುರಿಯಿತು. ಹೊರಗಿನವರ ಸಹಾಯ ಪಡೆಯಬಾರದೆಂಬ ನಿಯಮ. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಕೆಳಗಿನ ಸಂತ್ ಮರಿ ದ ಕಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ತಾವೇ ಕಬ್ಬಿಣ ಕಾಯಿಸಿ ಬಡಿದು ಬೆಸೆದರು. ತಿದಿ ಒತ್ತಿದ ಹುಡುಗನ ನೆರವಿಗೂ ದಂಡ ಬಿತ್ತು. ಅದೇ ಸ್ಪರ್ಧೆ 2022ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ಮೂರು ದಿನ ಅಲ್ಲಿ ಓಡಿಸಿ, ಜುಲೈ 4ರ ಒಂದಿಡೀ ದಿನವನ್ನು ಬರೀ ಸಾಗಣೆಗೆ ಬಿಟ್ಟು, 5ರಂದು ಉತ್ತರ ಫ್ರಾನ್ಸಿನ ಡನ್‌ಕರ್ಕ್‌ನಿಂದ ಮುಂದುವರಿಸಿದರು. ಕ್ರಿಸ್ಟೋಫರ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ತಟ್ಟುವುದು ಆ ಖಾಲಿ ಬಿಟ್ಟ ಸೋಮವಾರ. ಜಗತ್ತಿನ ಅತಿ ಅವಸರದ ಸ್ಪರ್ಧೆಯೂ ಲಾರಿಗಳಿಗೆಂದು ಒಂದು ದಿನ ಸುಮ್ಮನೆ ನಿಲ್ಲುತ್ತದೆ.

17ನೇ ತಿರುವಿನಲ್ಲಿ ನಮ್ಮ ಮೆಕ್ಯಾನಿಕ್ ಹುಡುಗನ ಹತ್ತಿರ ಬೇರೆ ಹ್ಯಾಂಗರ್ ಇರಲಿಲ್ಲ. ಪ್ರತಿ ಕಂಪನಿಯ ಪ್ರತಿ ಮಾಡೆಲ್ಲಿಗೂ ಅದು ಬೇರೆಬೇರೆ ಆಕಾರ. ಜೀಪಿನ ಮೇಲೆ ಸೈಕಲ್ ಕಟ್ಟೋಣವೇ ಸರ್ ಎಂದು ಕೇಳಿದೆ. “ಇನ್ನೊಂದು ಸಲ ಕಟ್ಟುವುದು ಬೇಡಮ್ಮ” ಅಂದರು, ಬೇಸರವಿಲ್ಲದ ದನಿಯಲ್ಲಿ. ಅವರಿಗೆ ಕಾರಣ ಗೊತ್ತಾಗಿಬಿಟ್ಟಿತ್ತು. ಹುಡುಗ ಮುರಿದ ಗೇರನ್ನು ಪೂರ್ತಿ ಬಿಚ್ಚಿ, ಚೈನನ್ನು ಮೋಟು ಮಾಡಿ, ಮುಂದಿನ ಸಣ್ಣ ಚಕ್ರಕ್ಕೂ ಹಿಂದಿನ ದೊಡ್ಡದಕ್ಕೂ ಕೂಡಿಸಿ ಒಂದೇ ಗೇರಿನ ಸೈಕಲ್ ಮಾಡಿಕೊಟ್ಟ. ಕಡಿದಾದಲ್ಲಿ ತಳ್ಳುತ್ತ, ಉಳಿದಲ್ಲಿ ತುಳಿಯುತ್ತ ಅವರು ಹತ್ತಿದರು. ಜೀಪು ಹಿಂದೆಯೇ ಮೊದಲ ಗೇರಿನಲ್ಲಿ ಬಂತು. ಊಟಿ ತಲುಪಿದಾಗ ಎರಡು ದಾಟಿತ್ತು, ಹೋಟೆಲಿನವರು ಅನ್ನ ತೆಗೆದಿಟ್ಟಿದ್ದರು.

ಮರುದಿನ ಊಟಿಯ ಸುತ್ತಮುತ್ತ ಓಡಾಡಿದ ಮೇಲೆ ಸಂಜೆ ಐದಕ್ಕೆ ಮತ್ತೆ ಲೋಡು. ಜನರೆಲ್ಲ ಬಸ್ಸಿಗೆ ಹೊರಟಿದ್ದರು, ಹಿರಿಯರು ಮಾತ್ರ ಉಳಿದು ರಟ್ಟುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟರು. ಬೇಗ ಮುಗಿಸಿದರೆ ಒಂಬತ್ತರೊಳಗೆ ಕಾಡು ದಾಟಬಹುದಿತ್ತು. ಏಳು ಗಂಟೆಗೆ ಕೆಳಗಿನ ಸಾಲು ಮಾತ್ರ ಮುಗಿದಿತ್ತು. ಚಾಲಕ ಗಡಿಯಾರ ನೋಡಿಕೊಂಡು, “ಏನ್ ಮಾಡನಕ್ಕಾ?” ಅಂದ. ಬೆಳಿಗ್ಗೆ ಗೇಟು ತೆಗೆದ ಮೇಲೆಯೇ ಹೋಗೋಣ ಎಂದೆ. ಅವನು ಒಂದು ಕೌದಿಯನ್ನು ರಾತ್ರಿ ಹೊದೆಯಲು ತನಗೆಂದು ಬದಿಗಿಟ್ಟುಕೊಂಡು, ಮೇಲಿನ ಸಾಲಿಗೆ ಹಲಗೆ ಹಾಸತೊಡಗಿದ.