ಹಳೇ ಕಾರಿನ ಬ್ರೇಕು ಸರಿಮಾಡುವುದು ಹೇಗೆ?

ಚಾಮುಂಡಿ ಬೆಟ್ಟಕ್ಕೆ ನಾವೆಲ್ಲರೂ ಹೋಗಿದ್ದೇವೆ. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರವಿದೆ. ಹತ್ತುವಾಗ ಗಾಡಿಗೆ ಶಕ್ತಿ ಬೇಕು, ಇಳಿಯುವಾಗ ಬ್ರೇಕು ಬೇಕು.

ನಮ್ಮ ಮಾವನ ಹತ್ತಿರ ಹಳೇ ಅಂಬಾಸಿಡರ್ ಕಾರಿದೆ. ಈ ಕಾರು ತಯಾರಿಸುವುದನ್ನು 2014ರಲ್ಲಿ ನಿಲ್ಲಿಸಿದರು. ಮಾವನ ಕಾರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಹೋದ ತಿಂಗಳು ಅಜ್ಜಿಯನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋಗಿದ್ದೆವು. ಇಳಿಯುವಾಗ ಸುಟ್ಟ ವಾಸನೆ ಬಂತು. ಮಾವ ಬ್ರೇಕು ತುಳಿದರೆ ಪೆಡಲ್ ತಳಕ್ಕೇ ಹೋಯಿತು! ಅವರು ಎರಡು ಮೂರು ಸಲ ಬೇಗ ಬೇಗ ತುಳಿದು, ಗೇರು ಇಳಿಸಿ, ಹೇಗೋ ಪಕ್ಕಕ್ಕೆ ನಿಲ್ಲಿಸಿದರು. ನಾನು ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟೆ. "ತಾಯಿ ಚಾಮುಂಡಿ ಕಾಪಾಡಿದ್ಲು" ಅಂದರು ಅಜ್ಜಿ. ಮಾವ "ತಪ್ಪು ನಂದೇ ಕಣವ್ವ, ಬ್ರೇಕು ನೋಡಿಸದೆ ಓಡಿಸ್ತಿದ್ದೆ" ಅಂದರು.

ಮಾರನೇ ದಿನ ಮೆಕ್ಯಾನಿಕ್ ಅಣ್ಣ ಬಂದರು. ನಾನು ಪಕ್ಕದಲ್ಲೇ ಕೂತು ನೋಡಿದೆ.

ಒಳಗೆ ಏನಿದೆ?

ಚಕ್ರದ ಒಳಗೆ ಕಬ್ಬಿಣದ ಬಾಣಲೆಯಂಥ ಡ್ರಮ್ಮು ಇದೆ. ಅದು ಚಕ್ರದ ಜೊತೆ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದ ಹಾಗೆ ಎರಡು ಬ್ರೇಕ್ ಶೂ ಇವೆ. ಅವು ತಿರುಗುವುದಿಲ್ಲ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತಡದಿಂದ ಶೂಗಳು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಒತ್ತುತ್ತವೆ. ಆಗ ಚಕ್ರ ನಿಲ್ಲುತ್ತದೆ.

ಶೂ ಮೇಲಿನ ಲೈನರ್ ನಮ್ಮ ಚಪ್ಪಲಿಯ ಹಾಗೆ ಸವೆಯುತ್ತದೆ. ಸವೆದಷ್ಟೂ ಡ್ರಮ್ಮಿಗೂ ಶೂಗೂ ನಡುವೆ ಸಂದು ಹೆಚ್ಚುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಇಳಿಜಾರಿನಲ್ಲಿ ತುಳಿದೇ ಇದ್ದರೆ ಡ್ರಮ್ಮು ಕಾದು ಹಿಗ್ಗುತ್ತದೆ. ಸಂದು ಇನ್ನೂ ದೊಡ್ಡದಾಗುತ್ತದೆ. ಕಾದ ಲೈನರ್ ಸರಿಯಾಗಿ ಹಿಡಿಯುವುದೂ ಇಲ್ಲ. ನಮಗೆ ಆಗಿದ್ದು ಇದೇ.

ಸರಿಮಾಡುವ ಕ್ರಮ

1. ಡ್ರಮ್ಮು ತಣ್ಣಗಿರಬೇಕು. ಕಾರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಬೇಕು. ಹಿಂದಿನ ಚಕ್ರವಾದರೆ ಹ್ಯಾಂಡ್ ಬ್ರೇಕ್ ಬಿಡಬೇಕು.
2. ಚಕ್ರ ತಿರುಗಿಸುತ್ತಾ, ಅದು ಹಿಡಿದುಕೊಳ್ಳುವ ತನಕ ಅಡ್ಜಸ್ಟರ್ ಬಿಗಿ ಮಾಡಬೇಕು.
3. ಆಮೇಲೆ ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಸಡಿಲ ಮಾಡಬೇಕು.
4. ಪೆಡಲ್ ಎರಡು ಮೂರು ಸಲ ತುಳಿದರೆ ಶೂ ಸರಿಯಾಗಿ ಕೂರುತ್ತದೆ. ಮತ್ತೆ ಚಕ್ರ ತಿರುಗಿಸಿ ನೋಡಬೇಕು.
5. ನಾಲ್ಕೂ ಚಕ್ರಕ್ಕೆ ಹೀಗೇ ಮಾಡಬೇಕು. ಇಲ್ಲದಿದ್ದರೆ ಬ್ರೇಕು ಹಾಕಿದಾಗ ಕಾರು ಒಂದೇ ಕಡೆಗೆ ಎಳೆಯುತ್ತದೆ.

ಮಾವ "ಇನ್ನೂ ಸ್ವಲ್ಪ ಬಿಗಿ ಮಾಡಪ್ಪ" ಅಂದರು. ಅಣ್ಣ ಒಪ್ಪಲಿಲ್ಲ. "ಜಾಸ್ತಿ ಬಿಗಿಯಾದ್ರೆ ಶೂ ಯಾವಾಗ್ಲೂ ಉಜ್ತಾ ಇರುತ್ತೆ. ಬೆಟ್ಟ ಹತ್ತೋಷ್ಟರಲ್ಲೇ ಡ್ರಮ್ಮು ಕಾದುಬಿಡುತ್ತೆ" ಅಂದರು.

ಎಚ್ಚರಿಕೆ: ಲೈನರ್ ಪೂರ್ತಿ ಸವೆದಿದ್ದರೆ ಹೊಸದೇ ಹಾಕಿಸಬೇಕು. ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಈ ಕೆಲಸ ದೊಡ್ಡವರದು, ನಾವು ಮಕ್ಕಳು ನೋಡಿ ಕಲಿಯಬಹುದು ಅಷ್ಟೇ.

ಹೊರಡುವಾಗ ಅಣ್ಣ ಇನ್ನೊಂದು ಮಾತು ಹೇಳಿದರು: "ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ." ಚಿಕ್ಕ ಗೇರಿನಲ್ಲಿ ಇಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ.

ಹೋದ ಭಾನುವಾರ ಮತ್ತೆ ಬೆಟ್ಟಕ್ಕೆ ಹೋದೆವು. ಮಾವ ಎರಡನೇ ಗೇರಿನಲ್ಲೇ ಇಳಿಸಿದರು. ಸುಟ್ಟ ವಾಸನೆ ಬರಲಿಲ್ಲ. ಅಜ್ಜಿ ದಾರಿಯಲ್ಲೇ ನಿದ್ದೆ ಮಾಡಿದರು.

– 7ನೇ ತರಗತಿ ವಿದ್ಯಾರ್ಥಿ