ಎಂಟು ನಿಲ್ದಾಣಗಳೂ ಮಹಾವೀರಾಚಾರ್ಯರೂ

ಸ್ಲೋ ಲೋಕಲ್ ಹಿಡಿದು ಠಾಣೆಯಿಂದ ಕಲ್ಯಾಣಕ್ಕೆ ಹೋಗುವವನಿಗೆ ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿಗಳೆಂಬ ನಡುವಣ ಆರೂ ಸೇರಿ ಒಟ್ಟು ಎಂಟು ನಿಲ್ದಾಣಗಳು ದೊರೆಯುತ್ತವೆ. ಇವುಗಳಲ್ಲಿ ಯಾವ ಎರಡರ ನಡುವಣ ಪ್ರಯಾಣಕ್ಕಾದರೂ ದರವನ್ನು ತಿಳಿಸುವ ಪಟ್ಟಿಯನ್ನು ಬರೆಯಹೊರಟರೆ ಅದರಲ್ಲಿ ಎಷ್ಟು ನಮೂದುಗಳಿರಬೇಕು? ಹತ್ತುವ ನಿಲ್ದಾಣಕ್ಕೆ ಎಂಟು ಅವಕಾಶಗಳು, ಅದು ನಿಶ್ಚಯವಾದ ಮೇಲೆ ಇಳಿಯುವುದಕ್ಕೆ ಏಳು, ಗುಣಿಸಿದರೆ 56. ಎರಡು ಊರುಗಳ ಹೆಸರನ್ನೂ ಅಚ್ಚು ಹಾಕಿದ ಹಳೆಯ ರಟ್ಟಿನ ಟಿಕೆಟುಗಳಿಗೆ ಈ ಲೆಕ್ಕವೇ ಸರಿ, ಏಕೆಂದರೆ ಮುಂಬ್ರಾದಿಂದ ಠಾಣೆಗೆ ಕೊಂಡ ಟಿಕೆಟು ಠಾಣೆಯಿಂದ ಮುಂಬ್ರಾಕ್ಕೆ ನಡೆಯದು. ದರವಾದರೋ ಹೋಗುವಾಗಲೂ ಬರುವಾಗಲೂ ಒಂದೇ ಆದುದರಿಂದ, ಪ್ರತಿಯೊಂದು ಜೋಡಿಯೂ ಎರಡು ಸಲ ಎಣಿಕೆಗೆ ಸಿಕ್ಕಿದಂತಾಯಿತು; ಎರಡರಿಂದ ಭಾಗಿಸಲು 28 ಉಳಿಯುತ್ತದೆ. ಅನುಕ್ರಮಕ್ಕೆ ಬೆಲೆಯಿಲ್ಲದ ಇಂಥ ಆಯ್ಕೆಗೆ ಗಣಿತದಲ್ಲಿ ವಿಕಲ್ಪವೆಂದು ಹೆಸರು.

ಮೂರು ನಿಲ್ದಾಣಗಳನ್ನು ಆರಿಸುವುದಾದರೆ ಎಂಟು, ಏಳು, ಆರುಗಳ ಗುಣಲಬ್ಧವಾದ 336ನ್ನು ಆರರಿಂದ ಭಾಗಿಸಬೇಕು. ಮುಂಬ್ರಾ, ದಿವಾ, ಡೊಂಬಿವಲಿ ಎಂಬ ಮೂರೇ ಹೆಸರುಗಳನ್ನು ಹಿಂದುಮುಂದಾಗಿ ಆರು ಬಗೆಯಲ್ಲಿ ಬರೆಯಬಹುದಷ್ಟೆ. ಉತ್ತರ ಮತ್ತೆ 56 ಬಂದುದರಲ್ಲಿ ರಹಸ್ಯವೇನೂ ಇಲ್ಲ, ಮೇಲಣ ಆರನ್ನು ಕೆಳಗಣ ಆರು ನುಂಗಿತು. ಈ ಭಾಗಾಕಾರದ ಕಾರಣವನ್ನು ತಿಳಿಸದೆ ಬೀಜಾಕ್ಷರಗಳ ಸೂತ್ರವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪದ್ಧತಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಸೂತ್ರವೇ ಬೇಕೆಂಬವರು ಪಶ್ಚಿಮದ ಕಡೆ ನೋಡಬೇಕಾದುದಿಲ್ಲ. ಕ್ರಿ. ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಅದರ ಆದಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವ ಮಹಾವೀರಾಚಾರ್ಯರು, ಒಂದರಿಂದ ತೊಡಗಿ ಏರುವ ಅಂಕಗಳನ್ನು ಮೇಲೂ ಅವನ್ನೇ ಇಳಿಯುವ ಕ್ರಮದಲ್ಲಿ ಕೆಳಗೂ ಇರಿಸಿ, ಬಲಗಡೆಯಿಂದ ಬೇಕಾದಷ್ಟು ಮನೆಗಳವರೆಗೆ ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸುವ ಸಾಮಾನ್ಯ ವಿಧಿಯನ್ನು ಹೇಳಿದ್ದಾರೆ. ಆ ಕಾಲದಲ್ಲಿ ಈ ಠಾಣೆಯ ಸೀಮೆಯೂ ಕನ್ನಡದ ಅರಸನಿಗೆ ದೂರದ್ದಾಗಿರಲಿಲ್ಲ. ಉತ್ತರ ಕೊಂಕಣದ ಶಿಲಾಹಾರರು ಅಮೋಘವರ್ಷನ ಸಾಮಂತರಾಗಿದ್ದರೆಂಬುದಕ್ಕೆ ಕಾನ್ಹೇರಿಯ ಗುಹಾಶಾಸನಗಳೇ ಸಾಕ್ಷಿ.

ಆಚಾರ್ಯರು ಕೊಡುವ ಉದಾಹರಣೆಗಳು ರಸವತ್ತಾಗಿವೆ. ವಜ್ರ, ನೀಲ, ಮರಕತ, ಹವಳ, ಮುತ್ತುಗಳಿಂದ ಎಷ್ಟು ಬಗೆಯ ಹಾರಗಳಾದಾವೆಂದು ಒಂದೆಡೆ ಕೇಳುತ್ತಾರೆ: ಒಂದೊಂದೇ ಆದರೆ ಐದು, ಎರಡೆರಡಾದರೆ ಹತ್ತು, ಮೂರಾದರೆ ಹತ್ತು, ನಾಲ್ಕಾದರೆ ಐದು, ಎಲ್ಲವೂ ಸೇರಿದರೆ ಒಂದು; ಒಟ್ಟು 31. ಮೂರನ್ನು ತೆಗೆದುಕೊಳ್ಳುವುದೆಂದರೆ ಎರಡನ್ನು ಬಿಡುವುದೇ ಆದುದರಿಂದ ಹತ್ತು ಎರಡು ಸಲ ಬಂದಿತು. ಷಡ್ರಸಗಳ ಮಿಶ್ರಣವನ್ನು ಕುರಿತ ಪ್ರಶ್ನೆಗೆ ಇನ್ನೂ ಹತ್ತಿರದ ದಾರಿಯಿದೆ. ಪ್ರತಿಯೊಂದು ರಸವನ್ನೂ ಹಾಕಬಹುದು, ಇಲ್ಲವೇ ಬಿಡಬಹುದು; ಎರಡನ್ನು ಆರು ಸಲ ಗುಣಿಸಿದರೆ 64, ಅದರಲ್ಲಿ ಉಪ್ಪು, ಹುಳಿ, ಖಾರ ಯಾವುದೂ ಬೀಳದ ಒಂದು ಸಪ್ಪೆ ಅಡುಗೆಯನ್ನು ಕಳೆದರೆ 63.