ಟ್ಯಾಪೆಟ್ಟೋ, ಬೇರಿಂಗೋ?

ಈಗಿನ ಕಾರು ಮುನಿಸಿಕೊಂಡರೆ ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚಿ ಕೋಡ್ ಓದುತ್ತಾರೆ. 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಹಳೇ ಅಂಬಾಸಿಡರ್‌ನಲ್ಲಿ ಚುಚ್ಚುವುದಕ್ಕೆ ಜಾಗವೇ ಇಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ ಆ ಇಂಜಿನ್ನಿನ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ, ವಾಲ್ವುಗಳು ಮೇಲೆ ಹೆಡ್ಡಿನಲ್ಲಿ; ನಡುವೆ ಪುಶ್‌ರಾಡು, ರಾಕರು. ಇಷ್ಟೆಲ್ಲ ಕೀಲುಗಳಿದ್ದ ಮೇಲೆ ಸದ್ದು ಇದ್ದದ್ದೇ. ಅದರಲ್ಲಿ ಸಹಜವೆಷ್ಟು, ರೋಗವೆಷ್ಟು ಎಂದು ಹೇಳುವುದು ಹಳೇ ಮೇಸ್ತ್ರಿಗಳ ಕಸುಬು.

ಅವರು ಮೊದಲು ಕೇಳುವುದು ತಾಳ. ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಒಂದು ವಾಲ್ವು ತೆರೆಯುವುದು 400 ಸಲ. ಆ ನಿಧಾನದ ಟಿಕ್‌ಟಿಕ್ ಮೇಲಿನಿಂದ ಬಂದರೆ ಅನುಮಾನ ಟ್ಯಾಪೆಟ್ ಮೇಲೆ. ಓಡುತ್ತಿರುವ ಇಂಜಿನ್ನಿನಲ್ಲೇ ರಾಕರ್ ಸಂದಿಗೆ ಫೀಲರ್ ಗೇಜ್ ತೂರಿಸಿ, ಯಾವುದರಲ್ಲಿ ಸದ್ದು ಅಡಗಿತೋ ಅದನ್ನು ಹಿಡಿಯುತ್ತಾರೆ. ಕೆಳಗಿನಿಂದ ದಡ್ ದಡ್ ಎಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಆಗ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾರೆ; ಯಾವ ಸಿಲಿಂಡರ್ ಉರಿಯದಿದ್ದಾಗ ಬಡಿತ ತಗ್ಗುತ್ತದೋ ಕಳ್ಳ ಅಲ್ಲಿದ್ದಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿದರೆ ಜಾಗ ಇನ್ನಷ್ಟು ಖಚಿತ.

ಮೋಸದ ಸದ್ದುಗಳೂ ಇವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೀಳಿದರೆ ಥೇಟ್ ಟ್ಯಾಪೆಟ್ಟಿನದೇ ದನಿ. ಡೈನಮೋ, ವಾಟರ್ ಪಂಪಿನ ಬೇರಿಂಗ್ ಸವೆದರೂ ಇಂಜಿನ್ನೇ ಹೋಯಿತೆಂದು ಮಾಲೀಕರು ಗಾಬರಿಯಾಗುತ್ತಾರೆ. ಫ್ಯಾನ್ ಬೆಲ್ಟ್ ಬಿಚ್ಚಿ ಅರೆಗಳಿಗೆ ಓಡಿಸಿದರೆ ಅನುಮಾನ ತೀರುತ್ತದೆ, ಖರ್ಚೂ ಇಲ್ಲ. ಇದನ್ನು ಮಾಡದೆ ನೇರ ಹೆಡ್ ಇಳಿಸಲು ಹೊರಡುವವರ ಕೈಗೆ ಗಾಡಿ ಕೊಡಬಾರದು ಎನ್ನುವ ಪಕ್ಷ ನನ್ನದು.

ಗಿರಾಕಿಗಳ ಒಂದು ಹಟವೂ ಇಂಜಿನ್ ಕೆಡಿಸುತ್ತದೆ: ಟ್ಯಾಪೆಟ್ ಸದ್ದು ಪೂರ್ತಿ ಹೋಗಬೇಕು ಎನ್ನುವುದು. ಸಂದಿ ತೀರಾ ಬಿಗಿಯಾದರೆ ಎಕ್ಸಾಸ್ಟ್ ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಅದರ ಕಾವು ಹೆಡ್ಡಿಗೆ ಇಳಿಯುವ ದಾರಿಯೇ ಆ ಸೀಟು. ಅದು ತಪ್ಪಿದರೆ ವಾಲ್ವು ಸುಡುತ್ತದೆ. ಹಳೇ ಕೈಗಳು ಬೇಕೆಂದೇ ಒಂದಿಷ್ಟು ಸದ್ದು ಉಳಿಸುತ್ತವೆ.

ಬೆಳಿಗ್ಗೆ ತಣ್ಣಗಿದ್ದಾಗ ಬಡಿದು, ಬಿಸಿಯಾದ ಮೇಲೆ ಸುಮ್ಮನಾಗುವುದು ಸಾಮಾನ್ಯವಾಗಿ ಸವೆದ ಪಿಸ್ಟನ್. ಬೋರ್ ಮಾಡಿಸುವುದನ್ನು ಕೆಲಕಾಲ ಮುಂದೂಡಬಹುದು. ಕೆಳಗಿನ ಬಡಿತದ ಜೊತೆಗೆ ಆಯಿಲ್ ಪ್ರೆಶರೂ ಇಳಿದಿದ್ದರೆ ಮಾತ್ರ ಅಲ್ಲೇ ಆಫ್ ಮಾಡಿ, ಗಾಡಿಯನ್ನು ಎಳೆಸಿಕೊಂಡು ಹೋಗಬೇಕು.